ಖುಷಿಗಾಗಿ ಓದುವವರು

ಪರೀಕ್ಷೆಗಲ್ಲ, ಪಾಂಡಿತ್ಯಕ್ಕಲ್ಲ, ‘ಮುಂದೇನಾಯಿತು’ ಎಂಬ ಕುತೂಹಲಕ್ಕೇ ಪುಸ್ತಕ ಹಿಡಿಯುವವರು ಕನ್ನಡದಲ್ಲಿ ಮೊದಲಿನಿಂದಲೂ ಇದ್ದಾರೆ. ಕನ್ನಡ ಕಾದಂಬರಿಯನ್ನು ಬೆಳೆಸಿದವರೇ ಅವರು. 19ನೇ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದು ಓದುವ ಚಟ ಹತ್ತಿಸಿದರು. ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅ.ನ. ಕೃಷ್ಣರಾಯರನ್ನು ಓದುಗರು ‘ಕಾದಂಬರಿ ಸಾರ್ವಭೌಮ’ ಎಂದೇ ಕರೆದರು.

ನವ್ಯ ವಿಮರ್ಶೆ ಬಲಗೊಂಡ ಕಾಲಕ್ಕೆ ‘ಗಂಭೀರ’, ‘ಜನಪ್ರಿಯ’ ಎಂಬ ಎರಡು ಪಂಕ್ತಿಗಳು ಗಟ್ಟಿಯಾದವು. ಹೆಚ್ಚು ಜನ ಓದಿದ್ದು ಹಗುರವೇ ಇರಬೇಕು ಎಂಬ ಅನುಮಾನ ಬೆಳೆಯಿತು. ಹೆಂಗಸರು ಬರೆದು ಹೆಂಗಸರು ಓದುವ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಮೂದಲಿಕೆಯೂ ಅಂಟಿಕೊಂಡಿತು.

ಈ ಮೂದಲಿಕೆ ಎಷ್ಟು ಅನ್ಯಾಯದ್ದು ಎಂದು ತಿಳಿಯಲು ತ್ರಿವೇಣಿಯವರ ‘ಶರಪಂಜರ’ವೊಂದೇ ಸಾಕು. ಬಾಣಂತನದಲ್ಲಿ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ಕಾಯಿಲೆ ಹೋಗಿದೆ, ಆದರೆ ‘ಹುಚ್ಚಿ’ ಎಂಬ ಹೆಸರು ಹೋಗುವುದಿಲ್ಲ. ಗಂಡ, ನೆಂಟರು, ನೆರೆಹೊರೆಯವರು ಅವಳ ಒಂದೊಂದು ಮಾತನ್ನೂ ಅನುಮಾನದಿಂದ ನೋಡುತ್ತಾರೆ. ಆ ನೋಟವೇ ಅವಳನ್ನು ಮತ್ತೆ ಮುರಿಯುತ್ತದೆ. ಮನೋರೋಗದ ಬಗ್ಗೆ ಬಾಯಿಬಿಡಲು ಹೆದರುತ್ತಿದ್ದ ಕುಟುಂಬಗಳಿಗೆ ಈ ವಿಷಯ ಕಥೆಯ ರೂಪದಲ್ಲಿ ತಲುಪಿತು. 1963ರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿ ಇಷ್ಟು ಜನರನ್ನು ಮುಟ್ಟಿದ್ದು ಸರಾಗವಾಗಿ ಓದಿಸಿಕೊಳ್ಳುವ ಬರವಣಿಗೆಯಿಂದ. ಅದನ್ನು ಕೊರತೆಯೆಂದು ಎಣಿಸುವುದು ತಪ್ಪು.

ಪತ್ತೇದಾರಿ ಕಾದಂಬರಿಗಳದು ಇನ್ನೊಂದು ಲೋಕ. ಶಾಲೆಯಲ್ಲಿ ಹೆಚ್ಚು ಓದದ ಎನ್. ನರಸಿಂಹಯ್ಯನವರು ಐನೂರರಷ್ಟು ಕಾದಂಬರಿ ಬರೆದರು; ಅವರ ಪತ್ತೇದಾರ ಪುರುಷೋತ್ತಮ ಮನೆಮಾತಾದ. ಕನ್ನಡದ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಅಕ್ಷರ ಕೂಡಿಸಿ ಓದಲು ಆಗಷ್ಟೇ ಕಲಿತವರನ್ನೂ ಕೊನೆಯ ಪುಟದವರೆಗೆ ಕರೆದೊಯ್ಯುವ ಶಕ್ತಿ ಈ ಪುಸ್ತಕಗಳಿಗಿತ್ತು.

ಇವು ಹೆಚ್ಚಾಗಿ ಕೈಸೇರುತ್ತಿದ್ದುದು ಬಡಾವಣೆಗಳ ಬಾಡಿಗೆ ಲೈಬ್ರರಿಗಳಿಂದ. ಖಾಕಿ ಕಾಗದದ ರಟ್ಟು, ಬೆನ್ನಿಗೆ ದಪ್ಪ ದಾರದ ಹೊಲಿಗೆ, ಕಿವಿ ಮಡಚಿದ ಪುಟಗಳು. ಮನೆಗೆ ಬಂದ ಒಂದು ಪುಸ್ತಕ ಹಿಂದಿರುಗುವಷ್ಟರಲ್ಲಿ ಅತ್ತೆ, ಸೊಸೆ, ಪಕ್ಕದ ಮನೆಯವರು ಎಲ್ಲರೂ ಓದಿ ಮುಗಿಸಿರುತ್ತಿದ್ದರು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ಹೊಲಿದು ಇಟ್ಟುಕೊಂಡ ಮನೆಗಳೂ ಎಷ್ಟೋ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬೆರಡು ಸೇರಿವೆ. ಓದುಗ ಯಾವ ಮಟ್ಟದವನು ಎಂದು ಈ ಸೂತ್ರಗಳು ಕೇಳುವುದಿಲ್ಲ.

ಜನಪ್ರಿಯವಾದದ್ದೆಲ್ಲ ಒಳ್ಳೆಯದೆಂದೇನೂ ಅಲ್ಲ. ಸವಕಲು ಪಾತ್ರಗಳು, ಹೆಣ್ಣು ಸಹಿಸಿಕೊಂಡಿರಬೇಕೆಂಬ ಉಪದೇಶ, ಅವಸರದ ಮುಕ್ತಾಯ ಅಲ್ಲಿ ಬೇಕಾದಷ್ಟಿವೆ. ಅವನ್ನು ಎತ್ತಿ ತೋರಿಸುವುದು ವಿಮರ್ಶೆಯ ಕೆಲಸ. ಓದಿ ಖುಷಿಪಟ್ಟವರನ್ನು ಕೀಳಾಗಿ ಕಾಣುವುದು ವಿಮರ್ಶೆಯಲ್ಲ. ಅಂಥ ತಾತ್ಸಾರಕ್ಕೆ ಹೆದರಿದವರು ಮೆಚ್ಚಿದ ಪುಸ್ತಕ ಬಿಟ್ಟು ‘ದೊಡ್ಡ’ ಪುಸ್ತಕಕ್ಕೆ ಕೈಹಾಕುತ್ತಾರೆ, ಹತ್ತು ಪುಟಕ್ಕೆ ಸೋಲುತ್ತಾರೆ, ಕಡೆಗೆ ಓದನ್ನೇ ಬಿಡುತ್ತಾರೆ. ರುಚಿಸದ್ದನ್ನು ಅರ್ಧಕ್ಕೆ ಇಡುವುದು, ಬೇಸರದ ಪುಟ ಹಾರಿಸುವುದು, ಇಷ್ಟವಾದದ್ದನ್ನು ನಾಲ್ಕನೇ ಸಲ ಓದುವುದು ಇವೆಲ್ಲ ಓದುಗರ ಹಕ್ಕು.

ಎರಡು ಪಂಕ್ತಿಗಳ ನಡುವಿನ ಗೆರೆಯನ್ನು ಲೇಖಕರೂ ಅಳಿಸಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ರೋಚಕ ಪತ್ತೇದಾರಿ ಕಥೆಯ ಓಟದಲ್ಲೇ ಕಾಡಿನ ಲೂಟಿಯನ್ನೂ ಕಾಳದಂಧೆಯನ್ನೂ ತೆರೆದಿಡುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸುವ ಕಾಲೇಜು ಹುಡುಗರೂ ಅದನ್ನು ಓದುತ್ತಾರೆ, ಅದರ ಮೇಲೆ ಪ್ರಬಂಧ ಬರೆಯುವ ಪ್ರಾಧ್ಯಾಪಕರೂ ಓದುತ್ತಾರೆ.