ಚೈನ್‌ಸಾ ಖರೀದಿಸುತ್ತಿದ್ದೀರಾ? ಬಾರ್ ಎಷ್ಟು ಇಂಚು, ಎಂಜಿನ್ ಎಷ್ಟು ಸಿಸಿ ಇರಬೇಕು? ಇಲ್ಲಿದೆ ಮಾಹಿತಿ

ನಾಗ್ಪುರ: ದೆಹಲಿಯ ಹೊಸ ಸಂಸತ್ ಭವನಕ್ಕೆ ತೇಗ ಹೋಗಿದ್ದು ನಾಗ್ಪುರದಿಂದ. ಅಯೋಧ್ಯೆಯ ರಾಮಮಂದಿರಕ್ಕೆ 2023ರಲ್ಲಿ ತೇಗ ಕಳಿಸಿದ್ದು ಪಕ್ಕದ ಚಂದ್ರಾಪುರ ಜಿಲ್ಲೆಯ ಬಲ್ಲಾರ್ಪುರ. ಹೀಗೆ ತೇಗಕ್ಕೆ ಹೆಸರಾದ ವಿದರ್ಭದಲ್ಲಾಗಲಿ, ನಮ್ಮ ಮಲೆನಾಡಿನಲ್ಲಾಗಲಿ ಮರ ಕೊಯ್ಯುವ ಮೆಷಿನ್ ಕೊಳ್ಳುವವರಿಗೆ ಎದುರಾಗುವ ಪ್ರಶ್ನೆ ಒಂದೇ: ಬಾರ್ ಎಷ್ಟು ಉದ್ದ ಇರಬೇಕು?

ಗೊಂದಲ ಶುರುವಾಗುವುದೇ ಅಳತೆಯಲ್ಲಿ. ಅರಣ್ಯ ಇಲಾಖೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಅಳೆಯುತ್ತದೆ. ಅಂಗಡಿಯಲ್ಲಿ ಬಾರ್ ಸಿಗುವುದು ಇಂಚಿನ ಲೆಕ್ಕದಲ್ಲಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. 90 ಸೆಂ.ಮೀ. ಸುತ್ತಳತೆಯ ಮರ ಸುಮಾರು 11 ಇಂಚು ದಪ್ಪ, 120 ಸೆಂ.ಮೀ. ಇದ್ದರೆ 15 ಇಂಚು, 180 ಸೆಂ.ಮೀ. ಇದ್ದರೆ ಹೆಚ್ಚೂಕಡಿಮೆ 23 ಇಂಚು. ಬಾರ್ ಇದಕ್ಕಿಂತ ಎರಡು ಇಂಚು ಉದ್ದ ಇದ್ದರೆ ಸಾಕು. ಆದರೆ ತೇಗದ ಬುಡ ಏಣು ಏಣಾಗಿ ಅಗಲಿಸಿರುತ್ತದೆ, ಕೊಯ್ಯುವುದು ಅಲ್ಲೇ. ಹಾಗಾಗಿ ಬುಡವನ್ನೂ ಒಮ್ಮೆ ಅಳೆಯುವುದು ಒಳ್ಳೆಯದು.

ಎಂಜಿನ್ ಎಷ್ಟು ದೊಡ್ಡದಿರಬೇಕು?

ಕೊಂಬೆ ಸವರಲು, ನೆಡುತೋಪಿನ ಸಣ್ಣ ಮರ ತೆಗೆಯಲು 30ರಿಂದ 40 ಸಿಸಿ ಎಂಜಿನ್, 12ರಿಂದ 16 ಇಂಚಿನ ಬಾರ್ ಸಾಕು. ಮಧ್ಯಮ ಮರಗಳಿಗೆ 45ರಿಂದ 55 ಸಿಸಿ ಮತ್ತು 16ರಿಂದ 18 ಇಂಚು. ದಪ್ಪ ದಿಮ್ಮಿಗಳಿಗೆ 60ರಿಂದ 75 ಸಿಸಿ, 20ರಿಂದ 25 ಇಂಚು ಬೇಕು.

ಹಣ ಉಳಿಸಲು ಸಣ್ಣ ಎಂಜಿನ್‌ಗೆ ಉದ್ದದ ಬಾರ್ ಹಾಕಿಸುವವರಿದ್ದಾರೆ. ಇದು ನಿಜಕ್ಕೂ ದುಬಾರಿ ಉಳಿತಾಯ. ಚೈನ್‌ನ ವೇಗ ಕುಗ್ಗುತ್ತದೆ, ಆಯಿಲ್ ಬಾರ್‌ನ ತುದಿವರೆಗೆ ಸರಿಯಾಗಿ ತಲುಪುವುದಿಲ್ಲ, ಕ್ಲಚ್ ಸುಡುತ್ತದೆ. ಕೊಯ್ಯುವವರು ಮೆಷಿನ್ ಮೇಲೆ ಭಾರ ಹಾಕಿ ಒತ್ತಲು ಶುರು ಮಾಡುತ್ತಾರೆ. ಆಗ ಕಣ್ಣಿಗೆ ಬೀಳದ ಬಾರ್‌ನ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಗುಲಿದರೆ ಮೆಷಿನ್ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮುತ್ತದೆ. ಇದನ್ನೇ 'ಕಿಕ್‌ಬ್ಯಾಕ್' ಎನ್ನುವುದು. ಚೈನ್ ಬ್ರೇಕ್ ಇಲ್ಲದ ಮೆಷಿನ್ ಎಷ್ಟೇ ಅಗ್ಗವಾದರೂ ಬೇಡ.

ಹಾಗಂತ ದೊಡ್ಡದೇ ಸರಿ ಎಂದೂ ಅಲ್ಲ. ಬಾರ್ ಬಿಟ್ಟು 30 ಸಿಸಿ ಮೆಷಿನ್ ಸುಮಾರು 4 ಕೆ.ಜಿ. ತೂಗಿದರೆ, 70 ಸಿಸಿಯದ್ದು 6 ಕೆ.ಜಿ. ದಾಟುತ್ತದೆ. ದಿನವಿಡೀ ಹಿಡಿದವರ ತೋಳಿಗೇ ಗೊತ್ತು ಆ ವ್ಯತ್ಯಾಸ. ನುರಿತವರು ಎರಡೂ ಬದಿಯಿಂದ ಕೊಯ್ದು, ಬಾರ್‌ಗಿಂತ ದಪ್ಪದ ಮರವನ್ನೂ ಉರುಳಿಸುತ್ತಾರೆ. ಹೊಸಬರು ಈ ಸಾಹಸಕ್ಕೆ ಇಳಿಯದಿರುವುದೇ ಲೇಸು.

ಅನುಮತಿ ಮರೆಯಬೇಡಿ

ಸ್ವಂತ ಜಮೀನಿನ ತೇಗವಾದರೂ ಮಹಾರಾಷ್ಟ್ರದಲ್ಲಿ 1964ರ ಮರ ಕಡಿತ ನಿಯಂತ್ರಣ ಕಾಯ್ದೆಯಡಿ ಅನುಮತಿ ಬೇಕು. ಕರ್ನಾಟಕದಲ್ಲಿ ಮರ ಕಡಿಯುವುದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಇನ್ನು ತೇಗದಲ್ಲಿ ಸಿಲಿಕಾ ಅಂಶ ಇರುವುದರಿಂದ ಚೈನ್ ಬೇಗ ಮೊಂಡಾಗುತ್ತದೆ. ಮರದಿಂದ ಚಕ್ಕೆ ಉದುರುತ್ತಿದ್ದರೆ ಚೈನ್ ಸರಿ ಇದೆ ಎಂದರ್ಥ. ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಮೆಷಿನ್ ನಿಲ್ಲಿಸಿ ಅರ ಹಿಡಿಯಿರಿ.