ದುರ್ಬೀನು ಮುಟ್ಟದ ಕರುಳು

ಉದಗೀರ, ನಿಲಂಗಾ, ಉಮರ್ಗಾ ಕಡೆಯ ನಮ್ಮ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಸಾಲಿ-ಕಚೇರಿಯಲ್ಲಿ ಮರಾಠಿ, ಕೆಲವು ಓಣಿಗಳಲ್ಲಿ ತೆಲುಗು. ಸಂತೆ ವ್ಯಾಪಾರಕ್ಕೆ ಇದರಿಂದ ಏನೂ ಅಡ್ಡಿಯಿಲ್ಲ. ದವಾಖಾನೆಯ ಬಾಗಿಲಲ್ಲಿ ಮಾತ್ರ ನಾಲಿಗೆ ತೊಡಕತದ.

ನಮ್ಮ ವೈನಿಗೆ ಎರಡು ವರ್ಷದ ಹಿಂದೆ ದಮ್ಮು ಹತ್ತಲು ಶುರುವಾಯಿತು. ಹೊಲದಿಂದ ಬುಟ್ಟಿ ಹೊತ್ತು ಬಂದರೆ ಕಟ್ಟಿ ಮ್ಯಾಲ ಕುಂತುಬಿಡೋರು. ರಕ್ತ ತಪಾಸಿದರೆ ಹಿಮೋಗ್ಲೋಬಿನ್ 6. ಸಮೀಪದ ಡಾಕ್ಟರು ಕಬ್ಬಿಣದ ಗುಳಿಗೆ ಬರೆದು, ಹೆಂಗಸರಿಗೆ ಇದು ಇದ್ದದ್ದೇ ಅಂದರು. ಮುಟ್ಟು ನಿಂತು ಆರು ವರ್ಷವಾದ ಹೆಂಗಸಿನ ರಕ್ತ ಎಲ್ಲಿಗೆ ಹೋಗ್ತದ ಅಂತ ಅವರು ಕೇಳಲಿಲ್ಲ, ನನಗೂ ಹೊಳೀಲಿಲ್ಲ.

ಆರು ತಿಂಗಳಾದ ಮೇಲೆ ಪಟ್ಟಣದ ದೊಡ್ಡ ಡಾಕ್ಟರ ಬಳಿ ಹೋದೆವು. ಬಾಯಿಂದ ದುರ್ಬೀನು ಬಿಟ್ಟರು, ಜಠರ ಸ್ವಚ್ಛ. ಹಿಂದಿನಿಂದ ಬಿಟ್ಟರು, ದೊಡ್ಡ ಕರುಳೂ ಸ್ವಚ್ಛ. ಮಲ ಕಪ್ಪಗೆ ಹೋಗ್ತದೇನು ಅಂತ ಮರಾಠಿಯಲ್ಲಿ ಕೇಳಿದರು. ವೈನಿ ಹೌದೆಂದು ತಲೆ ಹಾಕಿದರು, ನಾನು ತಿಳಿಸಿದೆ. ಕಬ್ಬಿಣದ ಗುಳಿಗೆಯಿಂದ ಹಾಗಾಗುತ್ತದೆ ಎಂದರು. ಆಗುವುದು ಖರೇನೇ.

ಆ ರಾತ್ರಿ ನನ್ನ ಹೆಂಡತಿ ಹೇಳಿದಳು: "ಅಕ್ಕಗ ಗುಳಿಗಿ ಶುರು ಮಾಡೋಕಿಂತ ಮೊದಲೇ ಹಂಗ ಆಗ್ತಿತ್ತು. ಡಾಂಬರಿನಂಗ, ಅಂಟಂಟು, ಕೆಟ್ಟ ನಾತ. ಮೈದುನನ ಮುಂದ ಹೆಂಗ ಹೇಳ್ಲಿ ಅಂತ ಸುಮ್ಮನಿದ್ಲು."

ಮರುದಿನ ಅದನ್ನೇ ಹೇಳಿದಾಗ ಡಾಕ್ಟರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಗುಳಿಗೆಗೆ ಮೊದಲಿನ ಡಾಂಬರು ಬಣ್ಣವೆಂದರೆ ಮೇಲಿನ ಕರುಳಲ್ಲಿ ಎಲ್ಲೋ ರಕ್ತ ಸೋರುತ್ತಿದೆ ಎಂದರ್ಥ. ಸಿಟಿ ಸ್ಕ್ಯಾನ್ ಮಾಡಿಸಿದರು. ಸಣ್ಣ ಕರುಳಿನಲ್ಲಿ 6 ಸೆಂಟಿಮೀಟರಿನ ಗಡ್ಡೆ.

ಸಣ್ಣ ಕರುಳು ಸುಮಾರು 20 ಅಡಿ ಉದ್ದ. ಬಾಯಿಯ ದುರ್ಬೀನು ಅದರ ಮೊದಲ ತುಂಡನ್ನಷ್ಟೇ ನೋಡುತ್ತದೆ, ಹಿಂದಿನದು ಕೊನೆಯ ಗೇಣನ್ನು. ಹನಿ ನೀರಾವರಿ ಪೈಪಿನ ಎರಡೂ ತುದಿ ನೋಡಿ, ನಡುವೆ ಕಟ್ಟಿಲ್ಲ ಅಂದ ಹಾಗೆ. ನಡುವಿನದಕ್ಕೆ ಕರುಳಿಗಾಗಿಯೇ ಔಷಧಿ ನೀರು ಕುಡಿಸಿ ತೆಗೆಯುವ ಸಿಟಿ ಉಂಟು. 2001ರಿಂದ ನುಂಗುವ ಕ್ಯಾಮೆರಾ ಗುಳಿಗೆಯೂ ಬಂದಿದೆ, ಒಳಗೆ ಸಾಗುತ್ತಾ ಸಾವಿರಾರು ಚಿತ್ರ ಕಳಿಸುತ್ತದೆ. ಆದರೆ ಕರುಳು ಎಲ್ಲಾದರೂ ಇಕ್ಕಟ್ಟಾಗಿದ್ದರೆ ಅದು ಅಲ್ಲೇ ಸಿಕ್ಕಿಬೀಳಬಹುದು. ಉಂಡ ಮೇಲೆ ಹೊಟ್ಟೆ ಹಿಂಡಿ ಹಿಂಡಿ ಬರುವವರು, ವಾಂತಿಯಾಗುವವರು ಇದನ್ನು ಮೊದಲೇ ಹೇಳಬೇಕು. ಜಪಾನಿನ ಯಾಮಾಮೋಟೊ ಎಂಬ ವೈದ್ಯರು ಎರಡು ಬಲೂನಿನ ಉದ್ದ ದುರ್ಬೀನು ಮಾಡಿದರು. ಅದರಿಂದ ನಡುಗರುಳಿನ ತುಣುಕನ್ನೂ ತೆಗೆಯಬಹುದು.

ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಗಂಟು ಮಾಡುತ್ತದೆ, ಇಕ್ಕಟ್ಟು ಮಾಡುತ್ತದೆ. ತುಣುಕು ಪರೀಕ್ಷಿಸದೆ ಬರೀ ಅಂದಾಜಿನ ಮೇಲೆ ಟೀಬಿ ಗುಳಿಗೆ ನುಂಗಿಸಿದರೆ ತಿಂಗಳುಗಳು ಹಾಳು.

ಅನ್ನಮಾರ್ಗದ ಕ್ಯಾನ್ಸರುಗಳಲ್ಲಿ ಸಣ್ಣ ಕರುಳಿನವು ನೂರಕ್ಕೆ ಐದಕ್ಕಿಂತ ಕಡಿಮೆ. ಹಾಗಾಗಿ ಡಾಕ್ಟರಿಗೂ ತಟ್ಟನೆ ನೆನಪಾಗುವುದಿಲ್ಲ. ಅದರಲ್ಲೂ ಜಾತಿಗಳಿವೆ. ಕರುಳಿನ ಒಳಪದರದ ಕ್ಯಾನ್ಸರು, ನಿಧಾನವಾಗಿ ಬೆಳೆಯುವ ಕಾರ್ಸಿನಾಯ್ಡ್, ಕಿಮೋಥೆರಪಿಯೇ ಮುಖ್ಯವಾದ ಲಿಂಫೋಮಾ, ಮತ್ತೆ ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್. ವೈನಿಯದು ಕೊನೆಯದು. ಅದನ್ನು ಚುಚ್ಚಿದರೆ ರಕ್ತ ಬರಬಹುದು, ಒಡೆದರೆ ಹೊಟ್ಟೆಯೊಳಗೆ ಹರಡಬಹುದು. ಅದಕ್ಕೇ ಮೊದಲು ತುಣುಕು ತೆಗೆಯದೆ, ಗಡ್ಡೆ ಒಡೆಯದಂತೆ ಒಂದಡಿ ಕರುಳಿನ ಜೊತೆ ಕತ್ತರಿಸಿ ಎರಡೂ ತುದಿ ಹೊಲಿದರು. ಎಂಟನೇ ದಿನ ಗಂಜಿ ಉಂಡರು.

ಗಡ್ಡೆಯ ಗಾತ್ರ ಮತ್ತು ಕೋಶ ಒಡೆಯುವ ವೇಗ ನೋಡಿ ಮೂರು ವರ್ಷ ಇಮ್ಯಾಟಿನಿಬ್ ಗುಳಿಗೆ ಬರೆದರು, ದಿನಕ್ಕೆ 400 ಮಿಲಿಗ್ರಾಂ. ಊಟದ ಜೊತೆ, ತಂಬಿಗೆ ನೀರಿನ ಸಂಗಡ. ಕಣ್ಣಿನ ಸುತ್ತ ಬಾವು ಬರುತ್ತದೆ, ರಾತ್ರಿ ಮೀನಖಂಡ ಹಿಡಿಯುತ್ತದೆ. ಇದೇ ಔಷಧಿಯ ವಿದೇಶಿ ಕಂಪನಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಆಗ ಕಂಪನಿಯ ಗುಳಿಗೆಗೆ ತಿಂಗಳಿಗೆ ಲಕ್ಷ ದಾಟುತ್ತಿತ್ತು. ಆ ಬೆಲೆಯೇ ಕೊಡಬೇಕಾಗಿದ್ದರೆ ನಮ್ಮ ಎರಡು ಎಕರೆ ತೊಗರಿ ಹೊಲ ಎಂದೋ ಹೋಗಿರುತ್ತಿತ್ತು.

ಕನ್ನಡದ ಕರುಳು, ತೆಲುಗಿನ ಪೇಗು, ಮರಾಠಿಯ ಆತಡಿ. ಮೂರು ಭಾಷೆಯಲ್ಲೂ ಮಕ್ಕಳ ಮೇಲಿನ ಪ್ರೀತಿಗೆ ಇದೇ ಶಬ್ದ. ಮೂರನ್ನೂ ಪದ್ಯದಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಕರುಳಿನಿಂದ ಏನು ಹೊರಗೆ ಹೋಗ್ತದ ಅಂತ ಕೇಳೋ ಧೈರ್ಯ ಮಾತ್ರ ಒಂದು ಭಾಷೆಯಲ್ಲೂ ಇರಲಿಲ್ಲ.

ಈಗ ಲಾತೂರಿಗೆ ಸ್ಕ್ಯಾನಿಂಗಿಗೆ ಹೋದಾಗ ವೈನಿಯ ಜೊತೆ ಒಳಗೆ ಹೋಗುವವಳು ನನ್ನ ಹೆಂಡತಿ. ಅವಳ ಮರಾಠಿ ಮುಕ್ಕಾಲು ತಪ್ಪು. ನಾನು ಚೀಟಿಗಳ ಚೀಲ ಹಿಡಿದು ಹೊರಗೆ ಬೆಂಚಿನ ಮೇಲೆ ಕೂರ್ತೀನಿ.