ಕನಕಗಿರಿಯ ರಸವಾದವೂ ಪಾಶ್ಚಾತ್ಯ ಗೂಢವಿದ್ಯೆಯ ಮೂಲವಿಚಾರವೂ

ಗುಂಡ್ಲುಪೇಟೆಗೆ ನೆರೆಯದಾದ ಚಾಮರಾಜನಗರದ ತಾಲ್ಲೂಕಿನಲ್ಲಿ ಮಲೆಯೂರೆಂಬ ಗ್ರಾಮವಿದೆ. ಅದರ ಬಳಿಯ ಕನಕಗಿರಿಯು ಜೈನರಿಗೆ ಪೂಜ್ಯವಾದ ಕ್ಷೇತ್ರ. ಜೈನೇಂದ್ರವ್ಯಾಕರಣದ ಕರ್ತೃಗಳಾದ ಪೂಜ್ಯಪಾದರು ಇಲ್ಲಿ ತಪಸ್ಸನ್ನಾಚರಿಸಿದರೆಂದೂ, ಅವರ ಸೋದರಳಿಯನಾದ ನಾಗಾರ್ಜುನನು ಸಿದ್ಧರಸದಿಂದ ಚಿನ್ನವನ್ನು ಮಾಡಿದನೆಂದೂ ಐತಿಹ್ಯವುಂಟು. ಈ ಸ್ಥಳದವನೇ ಆದ ದೇವಚಂದ್ರನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ರಾಜಾವಳಿಕಥೆಯಲ್ಲಿಯೂ ಪೂಜ್ಯಪಾದರ ಚರಿತ್ರೆಯು ಬಂದಿರುತ್ತದೆ.

ಯೂರೋಪಿನಲ್ಲಿಯೂ ಕೀಳುಲೋಹವನ್ನು ಚಿನ್ನವಾಗಿಸುವ ವಿದ್ಯೆಯೊಂದು ಬಹುಕಾಲ ಪ್ರಚಾರದಲ್ಲಿದ್ದು, ಅಲ್ಲಿನ ಗೂಢಸಂಪ್ರದಾಯಗಳಿಗೆ ಮುಖ್ಯಾಂಗವಾಯಿತು. 1875ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾಗಿ, 1882ರಲ್ಲಿ ಮದರಾಸಿನ ಅಡಯಾರಿಗೆ ಬಂದು ನೆಲಸಿದ ಬ್ರಹ್ಮವಿದ್ಯಾ ಸಮಾಜದವರು, ಲೋಕದ ರಹಸ್ಯವಿದ್ಯೆಗಳಿಗೆಲ್ಲ ಪುರಾತನವಾದ ಮೂಲವೊಂದೇ ಎಂದು ಸಾರಿದರು. ಹಾಗಾದರೆ ಪಾಶ್ಚಾತ್ಯರ ರಸವಾದವು ನಮ್ಮ ದೇಶದಿಂದಲೇ ಹೋದುದೆ?

ಸಾದೃಶ್ಯಮಾತ್ರದಿಂದ ಜನ್ಯಜನಕಭಾವವು ಸಿದ್ಧಿಸದು. ವಿದ್ಯೆಯು ಸಾಗಿಬಂದ ದಾರಿಯನ್ನು ತೋರಿಸಬೇಕು. ಪಾಶ್ಚಾತ್ಯ ರಸವಾದದ ದಾರಿಯು ಬಹುಮಟ್ಟಿಗೆ ತಿಳಿದಿದೆ. ಸುಮಾರು ಕ್ರಿ.ಶ. 300ರಲ್ಲಿ ಈಜಿಪ್ಟಿನ ಝೋಸಿಮೋಸನು ಗ್ರೀಕ್ ಭಾಷೆಯಲ್ಲಿ ಈ ವಿಷಯವನ್ನು ಬರೆದನು. ಮುಂದೆ ಅದು ಅರಬ್ಬರ ಕೈಸೇರಿತು. ಜಾಬಿರನ ಹೆಸರಿನ ಗ್ರಂಥಗಳು ಲೋಹಗಳೆಲ್ಲವೂ ಪಾದರಸಗಂಧಕಗಳಿಂದ ಉಂಟಾದುವೆಂದು ಹೇಳಿದುವು. 12ನೆಯ ಶತಮಾನದಲ್ಲಿ ಅರಬ್ಬೀ ಗ್ರಂಥಗಳು ಲ್ಯಾಟಿನ್ನಿಗೆ ಪರಿವರ್ತಿತವಾದುವು. ಈ ಸರಣಿಯಲ್ಲಿ ಭಾರತವು ಆವಶ್ಯಕವಾದ ಕೊಂಡಿಯಾಗಿ ಕಾಣುವುದಿಲ್ಲ.

ನಮ್ಮ ರಸವಾದಕ್ಕಾದರೋ ಬೇರೆಯೇ ಆದ ನಡೆಯುಂಟು. ಕೌಟಿಲ್ಯನ ಅರ್ಥಶಾಸ್ತ್ರವು ಚಿನ್ನದ ಬಗೆಗಳಲ್ಲಿ ರಸವಿದ್ಧವನ್ನೂ ಎಣಿಸಿದೆ. 14ನೆಯ ಶತಮಾನದ ಸರ್ವದರ್ಶನಸಂಗ್ರಹದಲ್ಲಿ ರಸೇಶ್ವರದರ್ಶನವು ಪ್ರತ್ಯೇಕ ಮತವಾಗಿಯೇ ನಿರೂಪಿತವಾಗಿದೆ. ಅಲ್ಲಿ ಪಾದರಸವು ಶಿವನದು, ಅಭ್ರಕವು ದೇವಿಯದು. ರಸವನ್ನು ಮೊದಲು ಲೋಹದಲ್ಲಿ ಪರೀಕ್ಷಿಸಿ, ಬಳಿಕ ದೇಹದಲ್ಲಿ ಪ್ರಯೋಗಿಸಬೇಕು. ದೇಹವನ್ನು ಸ್ಥಿರಗೊಳಿಸಿ ಜೀವನ್ಮುಕ್ತಿಯನ್ನು ಪಡೆಯುವುದೇ ಪರಮಪ್ರಯೋಜನ, ಸುವರ್ಣವು ಆನುಷಂಗಿಕ.

ನಿಜವಾದ ಎರವಲು ನಡೆದೆಡೆಯಲ್ಲಿ ಅದರ ಗುರುತು ಸ್ಫುಟವಾಗಿಯೇ ಉಳಿಯುತ್ತದೆ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ರಹಸ್ಯಸಂಘದವರು ಹಳದಿಯ ಚೌಕ, ಬೆಳ್ಳಿಯ ಅರ್ಧಚಂದ್ರ, ಕೆಂಪು ತ್ರಿಕೋಣ ಮೊದಲಾದ ಚಿಹ್ನೆಗಳನ್ನು ಧ್ಯಾನಕ್ಕೆ ಬಳಸಿದರು. ಅವುಗಳಿಗೆ 'ಪೃಥಿವೀ', 'ಆಪಸ್', 'ತೇಜಸ್' ಎಂಬ ಸಂಸ್ಕೃತ ನಾಮಗಳನ್ನೇ ಉಳಿಸಿಕೊಂಡರು. ಬ್ರಹ್ಮವಿದ್ಯಾ ಸಮಾಜಕ್ಕೆ ಸೇರಿದ ರಾಮಪ್ರಸಾದರ 1890ರ ಇಂಗ್ಲಿಷ್ ಗ್ರಂಥವು ಶಿವಸ್ವರೋದಯದ ತತ್ತ್ವವಿಚಾರವನ್ನು ಪಾಶ್ಚಾತ್ಯರಿಗೆ ಒದಗಿಸಿತ್ತು. ಇಲ್ಲಿ ಹೆಸರು, ಆಕಾರ, ವರ್ಣ, ಗ್ರಂಥ, ಕಾಲ ಎಲ್ಲವೂ ಒಂದನ್ನೊಂದು ಸಮರ್ಥಿಸುತ್ತವೆ.

ಆದಕಾರಣ, ಪಂಚತತ್ತ್ವಗಳ ಋಣವನ್ನು ಪಾಶ್ಚಾತ್ಯರು ಒಪ್ಪಬೇಕಾದುದು ಎಷ್ಟು ನ್ಯಾಯವೋ, ಅವರ ಸುವರ್ಣವಿದ್ಯೆಯ ಮೇಲೆ ಪ್ರಮಾಣವಿಲ್ಲದೆ ನಾವು ಹಕ್ಕುಹೂಡದಿರುವುದೂ ಅಷ್ಟೇ ನ್ಯಾಯ. ಕನಕಗಿರಿಯ ಐತಿಹ್ಯಕ್ಕೆ ಪರದೇಶದ ಶಿಷ್ಯರಿಂದ ಗೌರವವು ಬರಬೇಕಾಗಿಲ್ಲ.